ಗೂಡಂಗಡಿಗೆ ದಂಡ, ರೀಲ್ಸಿಗೆ ಲೈಕು

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಒಂಬತ್ತನೇ ಕ್ಲಾಸಿನ ಮಗ ಕೇಳಿದ, "ಅಪ್ಪ, ವೇಪ್ ಅಂದ್ರೆ ಬರೀ ಆವಿ ಅಂತೆ, ಏನೂ ಆಗಲ್ವಂತೆ, ಹೌದಾ?" ಮುದ್ದೆ ಗಂಟಲಲ್ಲೇ ನಿಂತಿತು. ಯಾವನು ಹೇಳಿದ್ದೋ ಅಂತ ಕೇಳಿದ್ರೆ ಫೋನ್ ಮುಂದೆ ಹಿಡಿದ, ಒಂದು ರೀಲ್ಸು. ಜಿಮ್ ಮೈಯಿನ ಹುಡುಗನೊಬ್ಬ ಇಂದಿರಾನಗರದ ಯಾವುದೋ ಟೆರೇಸ್ ಮೇಲೆ ನಿಂತು, ಪೆನ್‌ಡ್ರೈವ್ ಥರದ್ದೊಂದನ್ನ ಎಳೆದೆಳೆದು ಹೊಗೆ ಉಂಗುರ ಬಿಡ್ತಿದಾನೆ. ಮಾವಿನಹಣ್ಣಿನ ಫ್ಲೇವರ್ ಅಂತೆ! ಕೆಳಗೆ, 'ಬೇಕಾದೋರು ಡಿಎಂ ಮಾಡಿ', ಅಂದ್ರೆ ಖಾಸಗಿಯಾಗಿ ಮೆಸೇಜ್ ಕಳ್ಸಿ ಅಂತ.

ವೇಪ್ ಅಂದ್ರೆ ಇ-ಸಿಗರೇಟು, ಈ ದೇಶದಲ್ಲಿ ಅದು ನಿಷೇಧ ಆಗಿದ್ದು 2019ರಲ್ಲಿ. ಮಾರೋದಷ್ಟೇ ಅಲ್ಲ, ಜಾಹೀರಾತು ಕೊಡೋದೂ ಅಪರಾಧ. ಮೊದಲ ಸಲಕ್ಕೇ 1 ವರ್ಷದವರೆಗೆ ಜೈಲು, ಇಲ್ಲಾ 1 ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಈ ಮಹಾಶಯ ಮುಖ ತೋರಿಸ್ಕೊಂಡು, ಹೆಸರು ಹಾಕ್ಕೊಂಡು ಮಾರ್ತಿದಾನೆ.

ರಿಪೋರ್ಟ್ ಒತ್ತಿದೆ. ಅರ್ಧ ಗಂಟೇಲಿ ಉತ್ತರ: 'ಪರಿಶೀಲಿಸಿದ್ದೇವೆ, ಈ ವಿಡಿಯೊ ನಮ್ಮ ನಿಯಮ ಉಲ್ಲಂಘಿಸಿಲ್ಲ.' ನಿಮ್ಮ ನಿಯಮ ಯಾರಿಗೆ ಬೇಕ್ರೀ? ಪಾರ್ಲಿಮೆಂಟ್ ಮಾಡಿದ ಕಾಯ್ದೆ ಏನು ಉಪ್ಪಿನಕಾಯಿ ಹಾಕೋಕಾ?

ಸಿಗರೇಟಿನ ಕಥೆ ಇನ್ನೂ ನಾಜೂಕು. 2003ರ ತಂಬಾಕು ನಿಯಂತ್ರಣ ಕಾಯ್ದೆಯ 5ನೇ ಸೆಕ್ಷನ್ನು ನೇರ ಜಾಹೀರಾತಷ್ಟೇ ಅಲ್ಲ, ಸುತ್ತುಬಳಸಿನದ್ದನ್ನೂ ನಿಷೇಧಿಸಿದೆ. ಅದಕ್ಕೇ ಈ ರೀಲ್ಸಿನವರು ಬ್ರ್ಯಾಂಡಿನ ಹೆಸರು ಎತ್ತಲ್ಲ. ಪಾರ್ಟಿ, ಹಾಡು, ಬೆರಳ ಸಂದೀಲೊಂದು ಪ್ಯಾಕು. ಪ್ಯಾಕಿನ ಮೇಲೆ 85 ಪರ್ಸೆಂಟ್ ಜಾಗ ತುಂಬಿರೋ ಆ ಕ್ಯಾನ್ಸರ್ ಚಿತ್ರ ಮಾತ್ರ ಯಾವತ್ತೂ ಕ್ಯಾಮೆರಾಗೆ ಬೀಳಲ್ಲ. ಗುಟ್ಕಾದವರಂತೂ ಜಾಹೀರಾತಲ್ಲಿ ಅದೇ ಹೆಸರಿನ ಏಲಕ್ಕಿ ಮಾರ್ತಾರಂತೆ, ಪಾಪ. ಏಲಕ್ಕಿಗೆ ಅಷ್ಟು ದೊಡ್ಡ ಹೀರೊ ಯಾಕೆ ಬೇಕೋ!

ವಿಜಯನಗರದ ನಮ್ಮ ರಸ್ತೆ ಮೂಲೇಲಿ ಒಬ್ಬರು ಅಜ್ಜನ ಗೂಡಂಗಡಿ ಇದೆ. ಸ್ಕೂಲಿಂದ 100 ಮೀಟರ್ ಒಳಗೆ ಸಿಗರೇಟು ಮಾರೋ ಹಾಗಿಲ್ಲ ಅಂತ ಹೋದ ತಿಂಗಳು ಬಂದು ದಂಡ ಬರೆದು, ಸರಕೆಲ್ಲ ಚೀಲಕ್ಕೆ ತುಂಬ್ಕೊಂಡು ಹೋದ್ರು. ಸರಿ, ಕಾನೂನು ಕಾನೂನೇ, ಅಜ್ಜನ ಪರ ವಾದ ಮಾಡಲ್ಲ. ನಮ್ಮ ರಾಜ್ಯದಲ್ಲಿ ಈಗ 21 ತುಂಬದವರಿಗೆ ಕೊಡೋ ಹಾಗೂ ಇಲ್ಲ. ಆದ್ರೆ ಆ ಜಿಮ್ ಹುಡುಗ ನನ್ನ ಮಗನ ಹಾಸಿಗೆ ತನಕ ಬಂದಿದಾನಲ್ಲ, ಅವನನ್ನ ಯಾವ ಟೇಪಲ್ಲಿ ಅಳೀತೀರ? ಮೂರು ಸಲ ದೂರು ಕೊಟ್ಟೆ, ಮೂರು ಸಲಾನೂ ಅದೇ ಉತ್ತರ.

ದೂರು ಕೊಡೋಕೆ ಅಂತ ಮತ್ತೆ ಮತ್ತೆ ತೆಗೆದು ನೋಡಿದ್ನಲ್ಲ, ನನಗಿದು ಬಲು ಇಷ್ಟ ಅಂದ್ಕೊಂಡಿದೆ ಆ ದರಿದ್ರ ಆ್ಯಪು. ಬೆಳಿಗ್ಗೆ ಕಾಫಿ ಜೊತೆ ಸ್ಟ್ರಾಬೆರಿ ಫ್ಲೇವರ್ ಬಂತು.