ಮುಟ್ಟು ನಿಲ್ಲುವಾಗಿನ ಬಿಸಿ 'ಮೈ ಉಷ್ಣ' ಅಲ್ಲ: ಸ್ಪಷ್ಟನೆ

"ಮುಟ್ಟು ನಿಲ್ಲುವಾಗ ಮೈ ಧಗ್ಗನೆ ಬಿಸಿಯಾಗುವುದು ಉಷ್ಣದಿಂದ, ಮಜ್ಜಿಗೆ, ಎಳನೀರು ಕುಡಿದರೆ ಆರು ತಿಂಗಳಲ್ಲಿ ಮಾಯ. ಹಾರ್ಮೋನ್ ಮಾತ್ರೆ ನುಂಗಿದರೆ ಕ್ಯಾನ್ಸರ್ ಖಚಿತ" ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಇಳಿದಾಗ, ಮೈಬಿಸಿಯನ್ನು ಹತೋಟಿಯಲ್ಲಿಡುವ ಮಿದುಳಿನ ಭಾಗವಾದ ಹೈಪೊಥಲಾಮಸ್ ತುಸು ಬಿಸಿಯನ್ನೂ ಅತಿ ಸೆಕೆಯೆಂದು ತಿಳಿದು ಬೆವರಿಸುತ್ತದೆ. ಮಜ್ಜಿಗೆ ಕುಡಿಯಿರಿ, ಒಳ್ಳೆಯದೇ. ಆದರೆ ಕಾರಣ ಹೊಟ್ಟೆಯಲ್ಲಿಲ್ಲ. ಹಲವರಿಗೆ ಇದು ಏಳು ವರ್ಷವೂ ದಾಟುತ್ತದೆ.

ಕ್ಯಾನ್ಸರ್ ಭಯ ಹಬ್ಬಿದ್ದು 2002ರಲ್ಲಿ ಹೊರಬಂದ, ಹಾರ್ಮೋನ್ ಮಾತ್ರೆಗಳ ಕುರಿತ ಅಮೆರಿಕದ ಅಧ್ಯಯನದಿಂದ. ಅದರಲ್ಲಿದ್ದವರ ಸರಾಸರಿ ವಯಸ್ಸು 63, ಅಂದರೆ ಹೆಚ್ಚಿನವರಿಗೆ ಮುಟ್ಟು ನಿಂತು ಬಹುಕಾಲವಾಗಿತ್ತು! ಅಪಾಯ ಇಲ್ಲವೇ ಇಲ್ಲ ಎನ್ನಲಾರೆ. ಆದರೆ 60 ದಾಟದ, ಮುಟ್ಟು ನಿಂತು 10 ವರ್ಷವಾಗದ ಆರೋಗ್ಯವಂತ ಹೆಂಗಸರಿಗೆ ಈ ಮಾತ್ರೆಗಳಿಂದ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಹಾರ್ಮೋನ್ ಇಲ್ಲದ ಔಷಧಿಗಳಿವೆ. ಅಕ್ಕಂದಿರೇ, ರಾತ್ರಿಯಿಡೀ ಬೆವತು ಎದ್ದು ಕೂರುತ್ತಿದ್ದರೆ ಸುಮ್ಮನೆ ಸಹಿಸಬೇಡಿ, ಸ್ತ್ರೀರೋಗ ತಜ್ಞರನ್ನು ಕಾಣಿ.