ಶಾಂತಿ ಕಾಪಾಡಿ ಅಂದಾಗಲೇ ಭಯ ಶುರುವಾಗಿದ್ದು

ಅಯೋಧ್ಯೆಯ ಮಂದಿರ-ಮಸೀದಿ ಜಾಗದ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ನಾಳೆ ಬೆಳಿಗ್ಗೆ ಹತ್ತೂವರೆಗೆ ಅಂತ 2019ರ ನವೆಂಬರ್ 8ರ ರಾತ್ರಿ ಗೊತ್ತಾಗಿದ್ದೇ ತಡ, ಅಲ್ಲಿವರೆಗೆ ತಣ್ಣಗಿದ್ದ ಜನಕ್ಕೆಲ್ಲ ಶಾಂತಿ ಕಾಪಾಡುವ ಹುಚ್ಚು ಹಿಡಿಯಿತು. ಶಾಲೆ, ಕಾಲೇಜಿಗೆ ರಜೆ. ಬೆಂಗಳೂರಿನಲ್ಲಿ ನಿಷೇಧಾಜ್ಞೆ, ಬಾರ್ ಬಂದ್. ಗಲಾಟೆ ಮಾಡುವ ಯೋಚನೆಯೇ ಇಲ್ಲದವರೂ 'ಏನೋ ಆಗುತ್ತೆ ಕಣ್ರೀ' ಅಂತ ಅಂಗಡಿಗೆ ಓಡಿದರು.

ಟಿವಿಯವರಂತೂ ಬಿಡಿ. ಯಾರೂ ಪ್ರಚೋದನೆಗೆ ಒಳಗಾಗಬೇಡಿ ಅನ್ನುವ ಮನವಿಗೂ ಹಿಂದೆ ಯುದ್ಧದ ಮ್ಯೂಸಿಕ್ಕು, ಕೆಂಪು ಪರದೆ, ಮೂಲೆಯಲ್ಲಿ ಇನ್ನೆಷ್ಟು ನಿಮಿಷ ಅಂತ ಓಡುವ ಗಡಿಯಾರ.

ಅದಕ್ಕಿಂತ ಮಜಾ ವಾಟ್ಸಾಪಿನದು. ಇನ್ಮೇಲೆ ಎಲ್ಲ ಕಾಲ್ ರೆಕಾರ್ಡ್ ಆಗುತ್ತೆ, ಮೂರು ಟಿಕ್ಕೂ ಕೆಂಪಾದರೆ ಕೋರ್ಟಿನಿಂದ ಸಮನ್ಸ್ ಬರುತ್ತೆ ಅಂತ ಒಂದು ಮೆಸೇಜ್ ಸುತ್ತಾಡಿತು. ಶುದ್ಧ ಸುಳ್ಳು. ಆದರೆ ವದಂತಿ ಹರಡಬೇಡಿ ಅನ್ನುವ ಆ ವದಂತಿಯನ್ನು ಜನ ಎಷ್ಟು ಜವಾಬ್ದಾರಿಯಿಂದ ಹರಡಿದರು ಅಂದರೆ, ಕಳಿಸಿದ ಮೇಲೆ ಟಿಕ್ ಯಾವ ಬಣ್ಣಕ್ಕೆ ತಿರುಗಿತು ಅಂತ ಕನ್ನಡಕ ಏರಿಸಿ ನೋಡುತ್ತಾ ಕೂತರು. ಅಪಾರ್ಟ್‌ಮೆಂಟ್ ಗ್ರೂಪುಗಳಿಗೆ ಬೀಗ ಬಿತ್ತು, ಅಡ್ಮಿನ್ ಮಾತ್ರ ಬರೆಯಬಹುದು. ತಡೆಯುವವರಿಲ್ಲದೆ ಅಡ್ಮಿನ್ ಇಡೀ ದಿನ ಒಬ್ಬನೇ ಶಾಂತಿಪಾಠ ಹೇಳಿದ, ಒಂದೊಂದಕ್ಕೂ ಕೈ ಮುಗಿಯುವ ಇಮೋಜಿ ಬೇರೆ.

ಈ ನಾಟಕದ ಮೊದಲ ಪ್ರಯೋಗ 2010ರಲ್ಲೇ, ಇದೇ ಜಾಗದ ಬಗ್ಗೆ ಹೈಕೋರ್ಟ್ ತೀರ್ಪಿನ ಹೊತ್ತಿಗೆ ಆಗಿತ್ತು. ಆಗ ಸರ್ಕಾರ ಬಲ್ಕ್ ಎಸ್ಸೆಮ್ಮೆಸ್ ನಿಲ್ಲಿಸಿತ್ತು. ಸೆಪ್ಟೆಂಬರ್ 24ಕ್ಕೆ ಅಂದಿದ್ದ ತೀರ್ಪು 30ಕ್ಕೆ ಹೋಯಿತು. ಹಾಗಾಗಿ ಜನ ಒಂದೇ ತೀರ್ಪಿಗೆ ಎರಡೆರಡು ಸಲ ಹೆದರಬೇಕಾಯಿತು. ಕೊನೆಗೆ ಅಲಹಾಬಾದ್ ಹೈಕೋರ್ಟ್ ವಿವಾದದ 2.77 ಎಕರೆಯನ್ನು ಮೂರು ಪಾಲು ಮಾಡಿತು. ಪಾಲು ಮಾಡಿಕೊಡಿ ಅಂತ ಯಾರೂ ಕೇಳಿರಲಿಲ್ಲವಲ್ಲ ಅಂತ ಮರುವರ್ಷ ಸುಪ್ರೀಂ ಕೋರ್ಟ್ ಅಚ್ಚರಿಪಟ್ಟು ಅದಕ್ಕೆ ತಡೆ ಕೊಟ್ಟಿತು. ಅಷ್ಟು ಹೆದರಿದ್ದೂ ದಂಡ, ಅಲ್ವಾ?

2019ರಲ್ಲಿ ಐವರು ನ್ಯಾಯಮೂರ್ತಿಗಳದ್ದೂ ಒಂದೇ ಮಾತು. ಜಾಗ ರಾಮಲಲ್ಲಾನಿಗೆ, ಮಸೀದಿಗೆ ಬೇರೆ ಕಡೆ ಐದು ಎಕರೆ. 1,045 ಪುಟದ ತೀರ್ಪನ್ನು ಇನ್ನೂ ಯಾರೂ ತಿರುವಿ ಹಾಕಿರಲಿಲ್ಲ, ಅಷ್ಟರಲ್ಲೇ ಚಾನೆಲ್ಲಿನ ಮೇಜಿನ ಸುತ್ತ ಅದರ ಸಾಧಕ ಬಾಧಕ ಮುಗಿದಿತ್ತು. ಮಧ್ಯಾಹ್ನದ ಹೊತ್ತಿಗೆ ರಜೆ ಸಿಕ್ಕ ಮಕ್ಕಳು ಖಾಲಿ ರಸ್ತೆಯಲ್ಲಿ ಕ್ರಿಕೆಟ್ ಆಡುತ್ತಿದ್ದರು. ನಮ್ಮ ಏರಿಯಾದಲ್ಲಿ ಆ ದಿನ ಕಂಡ ಒಂದೇ ಆಕ್ರೋಶ ಮುಚ್ಚಿದ ಬಾರಿನ ಶಟರ್ ಮುಂದೆ. ಅದೂ ಜಾತಿ ಮತ ನೋಡದ ಆಕ್ರೋಶ.

ಕೊನೆಗೂ ಗ್ರೂಪಿನ ಬೀಗ ತೆಗೆದಾಗ ಬಂದ ಮೊದಲ ಮೆಸೇಜ್, ನಾಲ್ಕನೇ ಮಹಡಿಯ ಅಜ್ಜಿಯದು: 'ಲಿಫ್ಟ್ ನಿನ್ನೆಯಿಂದ ಕೆಟ್ಟಿದೆ, ಹೇಳೋಣ ಅಂದ್ರೆ ನೀವು ಬಿಡಲಿಲ್ಲ.'