ಪಹಾಡ್‌ಗಂಜ್‌ನ ಕವರ್ ಪುರಾಣ

‘ಮಾಮ, ನ್ಯೂಡೆಲ್ಲಿ ಸ್ಟೇಷನ್ ಎದುರೇ, ಪಹಾಡ್‌ಗಂಜ್‌ನಲ್ಲಿ. ರಾತ್ರಿಗೆ ಐನೂರು ರೂಪಾಯಿ ಅಷ್ಟೇ’ ಅಂತ ಅಕ್ಕನ ಮಗ ಫೋನಿನಲ್ಲೇ ಬುಕ್ ಮಾಡಿಕೊಟ್ಟ. ಅವನು ಬುಕ್ ಮಾಡಿದ್ದು ರೂಮಲ್ಲ, ಪ್ರವಾಸಿಗರ ಹಾಸ್ಟೆಲ್ಲಿನ ರೂಮಿನೊಳಗಿನ ಒಂದು ಮಂಚ ಎನ್ನುವುದು ಕರ್ನಾಟಕ ಎಕ್ಸ್‌ಪ್ರೆಸ್ ಇಳಿದ ಮೇಲೆ ಗೊತ್ತಾಯಿತು. ಅದೂ ಮೇಲಿನ ಮಂಚ. ಬೆಂಗಳೂರಿನಿಂದ ಅಪ್ಪರ್ ಬರ್ತ್‌ನಲ್ಲೇ ಬಂದವನಿಗೆ ಮತ್ತೆ ಅಪ್ಪರ್ ಬರ್ತ್. ಇದು ಎಲ್ಲಿಗೂ ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಕೌಂಟರ್‌ನಲ್ಲಿದ್ದ ಹುಡುಗ ನನ್ನ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ದೆಹಲಿಯ ವಿಳಾಸ ಇದ್ದಿದ್ದರೆ ಒಳಗೆ ಬಿಡುತ್ತಿರಲಿಲ್ಲವಂತೆ. ಇಂಥ ಎಷ್ಟೋ ಹಾಸ್ಟೆಲ್‌ಗಳಲ್ಲಿ ಅದೇ ಊರಿನವರಿಗೆ ಜಾಗವಿಲ್ಲ. ಹೆಂಡತಿ ಜೊತೆ ಜಗಳವಾಡಿ ಮನೆ ಬಿಟ್ಟ ಗಂಡಸರು ಎಲ್ಲಿಗೆ ಹೋಗಬೇಕೋ ಪಾಪ. ಲಾಕರ್ ಪುಕ್ಕಟೆ, ಆದರೆ ಬೀಗ ನಮ್ಮದೇ. ಬೀಗ ತಂದಿಲ್ಲವಾ? ಅಲ್ಲೇ ಮಾರಾಟಕ್ಕಿದೆ. ಟವೆಲ್‌ಗೆ ಬೇರೆ ಬಾಡಿಗೆ. ಬಿಸಿನೀರಿನ ಕಥೆ ಬೇಡ ಬಿಡಿ. ಗೀಸರ್ ಇತ್ತು, ಅದಕ್ಕೆ ತಕ್ಕಂತೆ ಕ್ಯೂ ಕೂಡ ಇತ್ತು. ಜನವರಿ ಬೇರೆ.

ರೂಮಿನಲ್ಲಿ ಎಂಟು ಮಂಚ. ಒಂದೊಂದಕ್ಕೂ ಒಂದು ಪರದೆ, ಒಂದು ಪುಟ್ಟ ಲೈಟು, ಒಂದು ಪ್ಲಗ್ಗು. ನಾನು ಏಣಿ ಹತ್ತುತ್ತಿದ್ದ ಹಾಗೆ ಮಂಚ ‘ಕಿರ್ರ್’ ಎಂದಿತು. ಕೆಳಗಿನ ಪರದೆಯಿಂದ ಒಬ್ಬ ಹುಡುಗ ತಲೆ ಹೊರಹಾಕಿ, ಕಟ್ಟುತ್ತಿರುವ ಫ್ಲೈಓವರ್ ಕೆಳಗೆ ಸಿಕ್ಕಿಕೊಂಡವರ ಹಾಗೆ ಮೇಲೆ ನೋಡಿದ. ‘ಅಂಕಲ್‌ಜೀ, ಬೇಕಾದರೆ ನೀವು ಕೆಳಗೆ ಬನ್ನಿ’ ಎಂದು ಹಿಂದಿಯಲ್ಲಿ ಹೇಳಿದ. ಗೌರವದಿಂದ ಹೇಳಿದನೋ ಜೀವಭಯದಿಂದಲೋ ಗೊತ್ತಾಗಲಿಲ್ಲ. ಅಂಕಲ್ ಎಂದಿದ್ದಕ್ಕೆ ಸಿಟ್ಟು ಬಂದು ಮೇಲೆಯೇ ಉಳಿದೆ.

ಗೊರಕೆಯ ಬಗ್ಗೆ ನನ್ನ ತಕರಾರೇನಿಲ್ಲ. ಅದಕ್ಕೊಂದು ಲಯ ಇರುತ್ತದೆ, ಸ್ವಲ್ಪ ಹೊತ್ತಿಗೆ ಕಿವಿ ಒಗ್ಗಿಕೊಳ್ಳುತ್ತದೆ. ನಿದ್ದೆಯ ನಿಜವಾದ ಶತ್ರು ಪ್ಲಾಸ್ಟಿಕ್ ಕವರ್. ಈ ಹಾಸ್ಟೆಲ್ ಎಂಬ ಯೋಚನೆ ಮೊದಲು ಬಂದದ್ದು ಜರ್ಮನಿಯ ರಿಚರ್ಡ್ ಶಿರ್ಮನ್ ಎಂಬ ಮೇಷ್ಟ್ರಿಗೆ. 1909ರಲ್ಲಿ ಮಕ್ಕಳನ್ನು ಕರೆದುಕೊಂಡು ಚಾರಣ ಹೋದಾಗ ಗುಡುಗು ಮಳೆಗೆ ಸಿಕ್ಕಿ, ಒಂದು ಶಾಲೆಯಲ್ಲಿ ರಾತ್ರಿ ಕಳೆದರಂತೆ. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಕಾಯಂ ಹಾಸ್ಟೆಲ್ ಶುರುವಾಯಿತು. ಒಳ್ಳೆಯ ಮನುಷ್ಯ. ಆದರೆ ಆಗ ಪ್ಲಾಸ್ಟಿಕ್ ಕವರ್ ಇರಲಿಲ್ಲ ನೋಡಿ, ಅದಕ್ಕೇ ಅವರಿಗೆ ಧೈರ್ಯ ಬಂತು.

ನಮ್ಮ ರೂಮಿನ ಕವರ್ ಮಹಾಶಯನದು ಬೆಳಗಿನ ಜಾವದ ಟ್ರೈನು. ಮೂರೂವರೆಗೇ ಎದ್ದ. ಬಹಳ ಸಭ್ಯ, ನಮಗೆ ತೊಂದರೆಯಾಗಬಾರದೆಂದು ಲೈಟ್ ಹಾಕಲಿಲ್ಲ. ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡ. ತಲೆ ತಿರುಗಿಸಿದಾಗೆಲ್ಲ ಬೆಳಕು ಎಲ್ಲರ ಪರದೆಯ ಮೇಲೂ ಹಾದು ಹೋಗುತ್ತಿತ್ತು. ಆಮೇಲೆ ಕವರ್‌ಗಳು ಶುರುವಾದವು. ಶರ್ಟಿಗೊಂದು, ಚಪ್ಪಲಿಗೊಂದು, ಸೋಪಿಗೊಂದು, ಖಾಲಿ ಕವರ್‌ಗಳಿಗೂ ಒಂದು. ಸದ್ದಾಗಬಾರದೆಂದು ಒಂದೊಂದನ್ನೂ ನಿಧಾನವಾಗಿ ಮಡಚಿದ. ಅರ್ಧ ನಿಮಿಷದಲ್ಲಿ ಮುಗಿಯಬೇಕಾದ ಸರಬರ ಐದು ನಿಮಿಷ ಎಳೆಯಿತು. ನಡುವೆ ನಿಲ್ಲಿಸಿ ಕಿವಿಗೊಡುತ್ತಿದ್ದ. ನಾವು ಏಳೂ ಜನ ಉಸಿರು ಬಿಗಿಹಿಡಿದು, ನಿದ್ದೆ ಬಂದವರ ಹಾಗೆ ಮಲಗಿರುತ್ತಿದ್ದೆವು. ಓಹೋ ಯಾರಿಗೂ ಎಚ್ಚರವಾಗಿಲ್ಲ ಎಂದು ಮತ್ತೆ ಸರಬರ. ಕೊನೆಗೆ ಬ್ಯಾಗಿನ ಜಿಪ್. ಅದನ್ನೂ ಒಂದೊಂದೇ ಹಲ್ಲು ಎಣಿಸಿದಂತೆ ಎಳೆದ.

ಬಾಗಿಲು ಮುಚ್ಚಿತು. ಏಳು ಮಂಚಗಳಿಂದ ಒಟ್ಟಿಗೆ ನಿಟ್ಟುಸಿರು ಬಂತು. ನನ್ನ ಕೆಳಗಿನ ಹುಡುಗ ‘ಥ್ಯಾಂಕ್ ಗಾಡ್’ ಅಂದ. ಇಷ್ಟು ಹೊತ್ತಿಗೆ ಗೊರಕೆಯೂ ಹಾಯೆನಿಸಿ ಕಣ್ಣು ಮುಚ್ಚಿತು.

ಬಾಗಿಲು ಮತ್ತೆ ತೆರೆದುಕೊಂಡಿತು. ಸ್ಟೇಷನ್ ಎದುರಿಗೇ ಇದ್ದರೆ ಇದೊಂದು ಕಷ್ಟ. ಮಂಜಿನಿಂದಾಗಿ ಟ್ರೈನ್ ಆರು ಗಂಟೆ ಲೇಟಂತೆ. ಫೋನಿನಲ್ಲಿ ಯಾರಿಗೋ ಪಿಸುಗುಟ್ಟಿದ. ಮೆಲ್ಲಗೆ ಮಂಚದ ಮೇಲೆ ಕೂತ, ಟಾರ್ಚನ್ನು ಬಾಯಿಗಿಟ್ಟುಕೊಂಡ, ಮೊದಲನೆಯ ಕವರ್ ಬಿಚ್ಚಿದ.